ಕೊಲೆಯಲ್ಲ, ಕೊಳೆ

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗನಿಗೆ ಇಂಗ್ಲಿಷ್ ಪದಬಂಧದ ಹುಚ್ಚು. ಊಟದ ಡಬ್ಬಿಗಿಂತ ಮೊದಲು ಫೋನು ಬಿಚ್ಚುತ್ತಾನೆ. ಉತ್ತರದ ಕಡೆಯವನು, ಕನ್ನಡ ‘ಗೊತ್ತಿಲ್ಲ’ದಿಂದ ‘ಸ್ವಲ್ಪ ಸ್ವಲ್ಪ’ದವರೆಗೆ ಬಂದಿದೆ. ಒಂದು ಮಧ್ಯಾಹ್ನ ಫೋನನ್ನು ನನ್ನ ಮೊಸರನ್ನದ ಮೇಲೇ ಹಿಡಿದು, ‘ಎಂಟಕ್ಷರದ್ದು, ಹೇಗೋ ತುಂಬಿಸಿದೆ. ಕೋಲರೋಗಾ. ಇಟಾಲಿಯನ್ ಇರಬೇಕಲ್ಲ? ತಿನ್ನೋದಾ, ಕುಣಿಯೋದಾ?’ ಅಂದ.

ಕೆ, ಓ, ಎಲ್, ಇ, ಆರ್, ಓ, ಜಿ, ಎ. ನನಗೂ ಒಂದು ಗಳಿಗೆ ಹೊಳೆಯಲಿಲ್ಲ. ಊರಿನವರು ಯಾರಾದರೂ ಸೂಟು ಬೂಟು ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿ ಎದುರಾದರೆ ಹೀಗೇ ಆಗುತ್ತದೆ. ಆಮೇಲೆ ಕಣ್ಣಿಗಿಂತ ಮೊದಲು ಮೂಗಿಗೆ ಗುರುತು ಸಿಕ್ಕಿತು. ಆಷಾಢದ ತೋಟ, ಕಾದಿಗೆಯಲ್ಲಿ ನಿಂತ ನೀರು, ಮರದ ಬುಡದಲ್ಲಿ ಉದುರಿಬಿದ್ದು ಬೂಷ್ಟು ಹಿಡಿದ ಹಸಿ ಅಡಿಕೆಯ ಆ ಹುಳಿ ಹುಳಿ ವಾಸನೆ.

‘ತಿನ್ನೋದೂ ಅಲ್ಲ, ಕುಣಿಯೋದೂ ಅಲ್ಲ. ಕೊಳೆರೋಗ, ಮಳೆಗಾಲದಲ್ಲಿ ಅಡಿಕೆ ಕೊಳೆಸೋ ರೋಗ. ನಮ್ಮನೆ ತೋಟದ್ದು’ ಅಂದೆ. ಅವನು ನಂಬಲಿಲ್ಲ.

ಅವನನ್ನು ನಂಬಿಸಲೆಂದು ಹೊರಟು ಈ ಪದದ ಕುಲಗೋತ್ರ ಹುಡುಕುವ ಚಟಕ್ಕೆ ಬಿದ್ದೆ. ಇಂಗ್ಲಿಷಿಗೆ ದಕ್ಷಿಣದಿಂದ ಹೋದ ಪದಗಳ ಮಾತು ಬಂದಾಗಲೆಲ್ಲ ತಮಿಳಿನ ಕರಿ, ಚುರುಟು, ಮಲಯಾಳದ ತೇಕ್ಕು, ಕಯರು, ಬ್ಯಾಂಡಿಕೂಟ್ ಆದ ತೆಲುಗಿನ ಪಂದಿಕೊಕ್ಕು ಸಾಲಾಗಿ ಬಂದು ನಿಲ್ಲುತ್ತವೆ. ಕನ್ನಡದ್ದು ಅಂತ ಎದೆ ತಟ್ಟಿ ಹೇಳಿಕೊಳ್ಳಲು ನಮಗೆ ಸಿಗುವುದು ಕಡಿಮೆ. ರಾಗಿ ಇದೆ, ಆದರೆ ಅದಕ್ಕೆ ಪಾಲುದಾರರು ಬಹಳ. ಕಾಡುನಾಯಿಗೆ ಇಂಗ್ಲಿಷರು ಹೇಳುವ ‘ಧೋಲ್’ ನಮ್ಮ ತೋಳದಿಂದ ಹುಟ್ಟಿತು ಎಂಬ ಊಹೆಯಿದೆ, ನನಗೇನೋ ಅದು ಗಟ್ಟಿ ಅನಿಸುವುದಿಲ್ಲ. ಆದರೆ ಕೊಳೆರೋಗಕ್ಕೆ ತಕರಾರೇ ಇಲ್ಲ. ಅಚ್ಚ ಮಲೆನಾಡಿನ ಸರಕು. ಹೆಮ್ಮೆಪಡಲು ಸಿಕ್ಕಿದ್ದೂ ಒಂದು ಕೊಳೆತ ಪದ, ಇರಲಿ.

ಇಂಗ್ಲಿಷಿಗೆ ಇದು ಹೋದದ್ದು ಅಡಿಕೆ ತೋಟದಿಂದಲ್ಲ, ಕಾಫಿ ತೋಟದಿಂದ. ಆ ಕಾಲದ ಭಯ ಅರ್ಥವಾದರೆ ಹೋದ ದಾರಿಯೂ ಅರ್ಥವಾಗುತ್ತದೆ. 1869ರಲ್ಲಿ ಸಿಲೋನಿನ ಕಾಫಿ ಎಲೆಗಳ ಮೇಲೆ ಕಿತ್ತಳೆ ಬಣ್ಣದ ಹುಡಿ ಕಾಣಿಸಿಕೊಂಡಿತು. ಬರ್ಕ್‌ಲಿ ಮತ್ತು ಬ್ರೂಮ್ ಎಂಬ ಇಂಗ್ಲಿಷ್ ಶಿಲೀಂಧ್ರತಜ್ಞರು ಅದಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ವಾಸ್ಟಾಟ್ರಿಕ್ಸ್ ಅಂದರೆ ಹಾಳುಗೆಡವುವವಳು. ಹೆಸರಿಗೆ ತಕ್ಕಂತೆ ಅದು ಮುಂದೆ ಸಿಲೋನಿನ ಕಾಫಿಯನ್ನೇ ಮುಗಿಸಿ, ಆ ದ್ವೀಪವನ್ನು ಚಹಾದ ನಾಡು ಮಾಡಿತು. ಆ ಭಯದ ದಿನಗಳಲ್ಲಿ ಮೈಸೂರಿನ ಕಾಫಿ ತೋಟದ ಕರಿಗಟ್ಟಿದ ಎಲೆಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಬಿಡಿಸಿ ನೋಡಿದವನು ಮೊರ್ಡಿಕಾಯ್ ಕ್ಯೂಬಿಟ್ ಕುಕ್, ಆಗ ಅಲ್ಲಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದ.

ಕುಕ್ ವಿಚಿತ್ರ ಆಸಾಮಿ. 1860ರಲ್ಲೇ ಲೋಕದ ಏಳು ಅಮಲುಗಳ ಬಗ್ಗೆ ಪುಸ್ತಕ ಬರೆದಿದ್ದ. ಹೊಗೆಸೊಪ್ಪು, ಅಫೀಮು, ಭಂಗಿ ಎಲ್ಲದರ ಜೊತೆಗೆ ಎಲೆ ಅಡಿಕೆಗೂ ಅದರಲ್ಲಿ ಒಂದು ಪಾಲು. ಅಂದರೆ ಕೊಳೆಯನ್ನು ಕಾಣುವ ಹದಿನಾರು ವರ್ಷ ಮೊದಲೇ ಕಾಗದದ ಮೇಲಾದರೂ ಕವಳ ಹಾಕಿದ್ದವನು. 1876ರಲ್ಲಿ, ತಾನೇ ಶುರುಮಾಡಿದ್ದ ‘ಗ್ರೆವಿಲಿಯಾ’ ಎಂಬ ಪತ್ರಿಕೆಯಲ್ಲಿ, ಮೈಸೂರಿನ ಎಲೆಯ ಮೇಲಿನ ಬೂಷ್ಟಿಗೆ ಅವನು ಕೊಟ್ಟ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. ಮೊದಲ ಪದ ಲ್ಯಾಟಿನ್, ತೆಳುಚರ್ಮ ಎಂಬ ಅರ್ಥದ್ದು. ಎಲೆಯ ಅಡಿಯಲ್ಲಿ ಆ ಬೂಷ್ಟು ಹಾಲಿನ ಕೆನೆಯ ಹಾಗೆ ಪೊರೆಗಟ್ಟುತ್ತದೆ, ಅದಕ್ಕೆ. ಎರಡನೆಯದು ಪೂರಾ ನಮ್ಮದು, ಲ್ಯಾಟಿನ್ ಬಾಲ ಕೂಡ ಅಂಟಿಸದೆ ಹಾಗೇ ಇಟ್ಟದ್ದು. ಅವನೂ ಒಂದು ವಾಸ್ಟಾಟ್ರಿಕ್ಸನ್ನು ಹೊಸೆಯಬಹುದಿತ್ತು. ಯಾಕೆ ಹೊಸೆಯಲಿಲ್ಲವೋ. ತೋಟದ ಆಳು ದೊರೆಗೆ ಹೇಳಿ, ದೊರೆ ಕಾಗದದಲ್ಲಿ ಬರೆದು, ಆ ಕಾಗದ ಕುಕ್‌ನ ಮೇಜಿಗೆ ಬಿದ್ದಿರಬೇಕು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಆ ಆಳಿನ ಹೆಸರು ಯಾವ ಪತ್ರಿಕೆಯಲ್ಲೂ ಇಲ್ಲ. ಅವನ ಬಾಯಿಯ ಮಾತು ಮಾತ್ರ ಇದೆ.

ಚಿಕ್ಕಮಗಳೂರು, ಕೊಡಗಿನ ಕಡೆಯವರಿಗೆ ಕಾಫಿಯ ಕೊಳೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಜಡಿಮಳೆಯಲ್ಲಿ ಎಲೆ ಕಪ್ಪಾಗುತ್ತದೆ, ರೆಂಬೆಯಿಂದ ಕಳಚುತ್ತದೆ, ಆದರೆ ನೆಲಕ್ಕೆ ಬೀಳುವುದಿಲ್ಲ. ಬೂಷ್ಟಿನ ಎಳೆಗಳೇ ದಾರವಾಗಿ ಸತ್ತ ಎಲೆಯನ್ನು ರೆಂಬೆಗೆ ಕಟ್ಟಿಹಾಕಿರುತ್ತವೆ. ಗಾಳಿ ಬಂದಾಗ ಆ ಕರಿ ಎಲೆಗಳು ಜೋತಾಡುವುದನ್ನು ಚಿಕ್ಕಂದಿನಲ್ಲಿ ಮಾವನ ತೋಟದಲ್ಲಿ ನೋಡಿ, ಬಾವಲಿ ಅಂತ ಓಡಿದ್ದೆ.

ಅಡಿಕೆಯ ಕೊಳೆಯ ನಡತೆ ಬೇರೆ. ಮೊದಲು ಕಾಯಿಯ ತೊಟ್ಟಿನ ಬಳಿ ನೀರು ನೆಂದ ಹಾಗೆ ಕಡುಹಸಿರು ಮಚ್ಚೆ. ಆಮೇಲೆ ಹೊಳಪು ಹೋಗಿ ಕಾಯಿ ಉದುರಲು ಶುರು. ಉದುರಿದ್ದರ ಮೈಮೇಲೆ ಎರಡು ಮೂರು ದಿನದಲ್ಲಿ ಬಿಳಿ ಹತ್ತಿಯಂಥ ಹೊದಿಕೆ. ಮಳೆ, ನಡುವೆ ಒಂದಿಷ್ಟು ಹೂಬಿಸಿಲು, ಮತ್ತೆ ಮಳೆ ಎಂದು ಆಟವಾಡತೊಡಗಿದರೆ ಅಪ್ಪಯ್ಯನ ಮುಖ ನೋಡಲಾಗುತ್ತಿರಲಿಲ್ಲ.

ಇವೆರಡೂ ಬೇರೆ ಬೇರೆ ಜೀವಿಗಳ ಕೆಲಸ ಅಂತ ನನಗೆ ಗೊತ್ತಾದದ್ದು ತೀರಾ ಈಚೆಗೆ. ಕಾಫಿಯದ್ದು ನಿಜವಾದ ಶಿಲೀಂಧ್ರ, ಅಣಬೆಗಳ ದೂರದ ಬಳಗ. ಅಡಿಕೆಯದ್ದು ಫೈಟಾಫ್ತೊರ. ಅದು ನೋಡಲು ಬೂಷ್ಟು, ಕುಲದಲ್ಲಿ ಕಂದುಪಾಚಿಯ ಕಡೆಯದು, ಶಿಲೀಂಧ್ರವೇ ಅಲ್ಲ. ಅದರ ಬೀಜಕಣಗಳಿಗೆ ಬಾಲವಿದೆ, ಕಾಯಿಯ ಮೇಲಿನ ನೀರಿನ ತೆಳುಪದರದಲ್ಲಿ ಅವು ಈಜಿಕೊಂಡು ಹೋಗುತ್ತವೆ. ನಮ್ಮವರು ಎರಡಕ್ಕೂ ಒಂದೇ ಹೆಸರು ಹೇಳಿದರು. ತಪ್ಪು ಅನ್ನಲು ಬಾಯಿ ಬರುವುದಿಲ್ಲ. ಅವರು ಹೆಸರಿಟ್ಟದ್ದು ಜೀವಿಗಲ್ಲ, ಆಗುವ ಅನಾಹುತಕ್ಕೆ. ಕೊಳೆಯುತ್ತದೆ, ಆದ್ದರಿಂದ ಕೊಳೆ. ಇಂಗ್ಲಿಷ್ ಆ ಪದವನ್ನು ಎತ್ತಿಕೊಂಡಾಗ ಅದರ ಸಡಿಲವನ್ನೂ ಎತ್ತಿಕೊಂಡಿತು. ಇವತ್ತಿಗೂ ಇಂಗ್ಲಿಷ್ ಸಸ್ಯರೋಗ ಪುಸ್ತಕಗಳಲ್ಲಿ ಕಾಫಿಯ ಕೊಳೆರೋಗ ಒಂದು, ಅಡಿಕೆಯ ಕೊಳೆರೋಗ ಇನ್ನೊಂದು.

ಫೈಟಾಫ್ತೊರ ಎಂಬ ಹೆಸರು ಹುಟ್ಟಿದ್ದು ಯಾವಾಗ ಅಂತ ಹುಡುಕಿದರೆ, ಅದೂ 1876! ಐರ್ಲೆಂಡಿನಲ್ಲಿ 1845ರಿಂದಾಚೆ ಆಲೂಗಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ ಜೀವಿಗೆ ಜರ್ಮನಿಯ ಆಂಟನ್ ಡಿ ಬ್ಯಾರಿ ಗ್ರೀಕಿನಿಂದ ಹೊಸೆದ ಹೆಸರು ಅದು. ಫೈಟಾನ್ ಅಂದರೆ ಗಿಡ. ಫ್ತೊರ ಅಂದರೆ ಕೇಡು, ನಾಶ. ಹಳೆಯ ಗ್ರೀಕರಲ್ಲಿ ಹುಟ್ಟಿಗೆ ಎದುರಾಗಿ ನಿಲ್ಲುವ ಕೊಳೆತ, ಅಳಿವು ಕೂಡ ಅದೇ. ಒಂದೇ ವರ್ಷದಲ್ಲಿ ಒಬ್ಬ ಜರ್ಮನಿಯಲ್ಲಿ ಗ್ರೀಕ್ ನಿಘಂಟು ತಿರುವಿ ‘ಗಿಡದ ಕೊಳೆ’ ಅಂದ, ಇನ್ನೊಬ್ಬ ಲಂಡನ್ನಿನಲ್ಲಿ ಮೈಸೂರಿನ ಆಳಿನ ಮಾತು ಕೇಳಿ ‘ಕೊಳೆರೋಗ’ ಅಂದ. ಎರಡೂ ಪದ ಮುಂದೆ ನಮ್ಮ ಅಡಿಕೆ ಕೊನೆಯಲ್ಲಿ, ಅಂದರೆ ಗೊನೆಯಲ್ಲಿ, ಬಂದು ಕೂಡಿಕೊಂಡವು.

ಕೂಡಿಸಿದವನು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದವನು, ಮುಂದೆ ಕೃಷಿ ಇಲಾಖೆಯ ನಿರ್ದೇಶಕನೂ ಆದ. ಹೆಬ್ಬಾಳ, ಮಂಡ್ಯ, ಬಾಳೆಹೊನ್ನೂರು, ಎಲ್ಲಿ ಕೃಷಿಯ ಹಳೆ ಕಟ್ಟಡ ಕಂಡರೂ ಅವನ ನೆರಳಿರುತ್ತದೆ. ಬಂದ ಎರಡು ವರ್ಷಕ್ಕೆ, 1910ರಲ್ಲಿ, ಅಡಿಕೆಯ ಕೊಳೆರೋಗದ ಮೇಲೆ ಇಲಾಖೆಯಿಂದ ಒಂದು ಪುಸ್ತಿಕೆ ತಂದ. ಕಾರಣ ಫೈಟಾಫ್ತೊರ ಎಂದು ತೋರಿಸಿ, ಅದರ ‘ಅರೆಕೆ’ ಬಗೆ ಎಂದು ಹೆಸರಿಟ್ಟ. ಮೂರು ವರ್ಷದ ಮೇಲೆ ಪೆಥಿಬ್ರಿಜ್ ಎಂಬಾತ ಅದನ್ನು ಪೂರ್ಣ ಪ್ರಭೇದದ ಮಟ್ಟಕ್ಕೆ ಏರಿಸಿದ. ಅವನು ಐರ್ಲೆಂಡಿನಲ್ಲಿ ಆಲೂಗಡ್ಡೆಯ ರೋಗಗಳ ಹಿಂದೆ ಬಿದ್ದಿದ್ದವನು. (ಈಗಿನವರು ಅದನ್ನು ಪಾಲ್ಮಿವೋರ ಎಂಬ ಇನ್ನೊಂದರೊಳಗೆ ಸೇರಿಸುತ್ತಾರೆ. ಲ್ಯಾಟಿನ್ ಹೆಸರುಗಳೂ ನಮ್ಮ ರಾಜಕಾರಣಿಗಳ ಹಾಗೆ, ಯಾವಾಗ ಯಾವ ಪಕ್ಷ ಅಂತ ಹೇಳಲಾಗದು.)

ಮದ್ದು ಕೂಡ ಕೋಲ್ಮನ್ನನೇ ಹೇಳಿದ. ಅದುವರೆಗೆ ನಮ್ಮವರಿಗೆ ಗೊತ್ತಿದ್ದದ್ದು ಕೊಟ್ಟೆ ಕಟ್ಟುವುದು. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊನೆಗೊಂದು ಛತ್ರಿ. ಮರ ಮರಕ್ಕೂ ಏರಿ ಕಟ್ಟಬೇಕು, ಮಳೆಗಾಲ ಮುಗಿದ ಮೇಲೆ ಬಿಚ್ಚಬೇಕು. ಕೋಲ್ಮನ್ ಬೋರ್ಡೋ ದ್ರಾವಣ ಸಿಂಪಡಿಸಿ ನೋಡಿ ಎಂದ. ಫ್ರಾನ್ಸಿನ ಬೋರ್ಡೋ ಪಟ್ಟಣದ ಸುತ್ತ ದ್ರಾಕ್ಷಿ ತೋಟಗಳು. ರಸ್ತೆ ಬದಿಯ ಬಳ್ಳಿಗೆ ಕೈಹಾಕುವ ದಾರಿಹೋಕರನ್ನು ಹೆದರಿಸಲು ಅಲ್ಲಿಯವರು ಮೈಲುತುತ್ತ, ಸುಣ್ಣ ಕಲಸಿ ನೀಲಿ ನೀಲಿಯಾಗಿ ಬಳಿಯುತ್ತಿದ್ದರು. 1882ರಲ್ಲಿ ಮಿಲಾರ್ದೆ ಎಂಬ ಪ್ರಾಧ್ಯಾಪಕ ಆ ದಾರಿಯಲ್ಲಿ ಹೋಗುವಾಗ ನೋಡಿದ: ಒಳಗಿನ ಬಳ್ಳಿಗಳೆಲ್ಲ ರೋಗ ಬಂದು ಒಣಗಿವೆ, ಕಳ್ಳರಿಗೆಂದು ನೀಲಿ ಬಳಿದವು ಮಾತ್ರ ಹಸಿರಾಗಿವೆ. 1885ರಲ್ಲಿ ಅದನ್ನೇ ಮದ್ದೆಂದು ಲೋಕಕ್ಕೆ ಹೇಳಿದ. ಕಳ್ಳರಿಗೆ ಕಲಸಿದ್ದು ಮಲೆನಾಡಿಗೆ ಬಂತು. ನಮ್ಮ ಮಳೆಯ ಮುಂದೆ ಅದು ನಿಲ್ಲಬೇಕಲ್ಲ, ತೊಳೆದು ಹೋಗದ ಹಾಗೆ ಜೊತೆಗೆ ರಾಳ, ಸೋಡಾ ಸೇರಿಸಿದರು. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು: ಮಗ್ಗಿಗಿಂತ ಮೊದಲು ನಾನು ಬಾಯಿಪಾಠ ಮಾಡಿದ ಲೆಕ್ಕ. ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟಿಗೆ ಸುರಿಯಬೇಕು. ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ಆ ಕತ್ತಿ ಅದ್ದುವ ಕೆಲಸ ನನ್ನದಾಗಿತ್ತು.

ನಮ್ಮೂರಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರಿಗೆ ಬೋರ್ಡೋ ಊರಿನ ಹೆಸರು ಅಂತ ಗೊತ್ತಿಲ್ಲ. ಬೋರ್ಡೋದ ದ್ರಾಕ್ಷಿಯವರಿಗೆ ಕೊಳೆರೋಗ ಗೊತ್ತಿಲ್ಲ. ಒಂದು ಪದ ಅಲ್ಲಿಂದ ಬಂತು, ಒಂದು ಇಲ್ಲಿಂದ ಹೋಯಿತು, ಲೆಕ್ಕ ಚುಕ್ತಾ.

ಇಂಗ್ಲಿಷ್ ಪುಸ್ತಕಗಳಲ್ಲಿ ಈ ರೋಗದ ಅಧ್ಯಾಯದ ಹೆಸರು ‘ಕೊಳೆರೋಗ ಆಫ್ ಅರೆಕಾ’ ಎಂದಿರುತ್ತದೆ. ನೋಡಿ ನಗು ಬಂತು. ಅದರಲ್ಲಿ ಇಂಗ್ಲಿಷ್ ಅನ್ನುವುದು ‘ಆಫ್’ ಒಂದೇ! ಅರೆಕಾ ಕೂಡ ನಮ್ಮ ಮನೆತನದ್ದೇ. ಮಲಯಾಳದ ಅಡಯ್ಕ, ತಮಿಳಿನ ಅಡೈಕ್ಕಾಯ್, ಕನ್ನಡದ ಅಡಕೆ, ಅಡಿಕೆ ಅಣ್ಣತಮ್ಮಂದಿರು. ಮಲಬಾರಿನ ಬಾಯಲ್ಲಿ ಆ ನಡುವಿನ ಡಕಾರ ನಾಲಗೆಯ ತುದಿ ತಟ್ಟಿ ಹಾರಿ ಹೋಗುತ್ತದೆ. ಪೋರ್ಚುಗೀಸರ ಕಿವಿಗೆ ಅದು ರಕಾರವಾಗಿ ಬಿತ್ತು, ಅಡಕ ಹೋಗಿ ಅರೇಕ ಆಯಿತು. 1510ರಲ್ಲಿ ರೋಮಿನಲ್ಲಿ ಅಚ್ಚಾದ ಪ್ರವಾಸಕಥನದಲ್ಲಿ ಲುಡೊವಿಕೊ ದಿ ವಾರ್ತೆಮಾ ಬರೆಯುತ್ತಾನೆ: ಹಣ್ಣಿಗೆ ‘ಕೊಫೊಲೊ’ ಅನ್ನುತ್ತಾರೆ, ಮರಕ್ಕೆ ‘ಅರೇಕ’. ಕೊಫೊಲೊ ಅನ್ನುವುದು ಅರಬ್ಬರ ಫೌಫಲ್, ಅದು ಸಂಸ್ಕೃತದ ಪೂಗಫಲ, ಮರಾಠಿಯ ಪೋಫಳ. ಪಾಪ, ಬಂದರಿನ ಅರಬ್ಬರನ್ನು ಒಂದು ಕೇಳಿ, ಊರಿನವರನ್ನು ಇನ್ನೊಂದು ಕೇಳಿ ಎರಡನ್ನೂ ಕಟ್ಟಿಕೊಂಡು ಹೋಗಿದ್ದಾನೆ. 1753ರಲ್ಲಿ ಲಿನೇಯಸ್ ಈ ಮರಕ್ಕೆ ಅರೆಕಾ ಕಟೆಚು ಎಂದು ಹೆಸರಿಟ್ಟಾಗ ಅದರ ಬೆನ್ನಿಗೆ ನಮ್ಮ ಕಾಚೂ ಅಂಟಿತು. ಕಾಚು ಬರುವುದು ಬೇರೆಯೇ ಮರದಿಂದ. ಹಾಗಾಗಿ ಅಡಿಕೆ ಮರ ಇನ್ನೂರೆಪ್ಪತ್ತು ವರ್ಷದಿಂದ ಬೇರೆಯವರ ಅಡ್ಡಹೆಸರು ಹೊತ್ತು ಓಡಾಡುತ್ತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನೆನಪಾಗುತ್ತದೆ.

ಮತ್ತೆ ಕೊಳೆಗೆ. ಈ ಪದ ಎರಡು ಮನೆತನದ ಮದುವೆ. ಕೊಳೆ ನಮ್ಮದು, ದ್ರಾವಿಡ. ತೆಲುಗಿನ ‘ಕುಳ್ಳು’ ಕೂಡ ಕೊಳೆಯುವುದೇ. ಕನ್ನಡದಲ್ಲಿ ಅದರ ಸಂಸಾರ ದೊಡ್ಡದು. ಅಂಗಿಯ ಕೊಳೆ, ಕೊಳಕು ಮಾತು, ಜೈಲಿನಲ್ಲಿ ಕೊಳೆಯುವ ಮನುಷ್ಯ, ಕಚೇರಿಯಲ್ಲಿ ಕೊಳೆಯುವ ಅರ್ಜಿ. ತೊಳೆದರೆ ಹೋಗುವುದೂ ಕೊಳೆ, ಎಂದೂ ಹೋಗದ್ದೂ ಕೊಳೆ. ಹೆಸರಾಗಿಯೂ ಕ್ರಿಯೆಯಾಗಿಯೂ ಅದೇ ರೂಪ. ‘ಕೊಳೆ’ ಅಂತ ಯಾರಿಗಾದರೂ ಅಪ್ಪಣೆ ಮಾಡಬಹುದು, ಮಾಡಬಾರದು ಅಷ್ಟೆ.

ರೋಗ ಸಂಸ್ಕೃತದ್ದು, ‘ರುಜ್’ ಎಂಬ ಧಾತು. ಮುರಿ, ಒಡೆ ಎಂದು ಅರ್ಥ. ರೋಗರುಜಿನ ಎಂಬ ಜೋಡಿಪದದಲ್ಲಿ ಎರಡೂ ಒಂದೇ ಬೇರಿನವು, ನಾವು ಎರಡು ಸಲ ಮುರಿಯುತ್ತೇವೆ. ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಲ್ಯಾಟಿನ್ನಿನ ‘ಲೂಗೇರೆ’ಯನ್ನೂ ಸೇರಿಸುತ್ತಾರೆ. ಅದಕ್ಕೆ ಶೋಕಿಸು ಎಂದರ್ಥ, ಎದೆ ಒಡೆದುಕೊಂಡು ಅಳುವುದು. ಅದರಿಂದಲೇ ಇಂಗ್ಲಿಷಿನಲ್ಲಿ ‘ಲುಗೂಬ್ರಿಯಸ್’ ಎಂಬ ಅಪರೂಪದ ಪದ, ಸೂತಕದ ಮುಖದವನಿಗೆ ಹೇಳುವುದು. ಅಂದರೆ ಮಲೆನಾಡಿನ ಪದ 1876ರಲ್ಲಿ ಇಂಗ್ಲಿಷಿನ ಬಾಗಿಲು ಬಡಿದಾಗ ಒಳಗೆ ಅದರ ಅರ್ಧಕ್ಕೆ ಒಬ್ಬ ದಾಯಾದಿ ಆಗಲೇ ಜೋಲುಮೋರೆ ಹಾಕಿಕೊಂಡು ಕೂತಿದ್ದ. ಕೊಳೆ ಬಂದ ವರ್ಷದ ಅಡಿಕೆ ಬೆಳೆಗಾರನ ಮುಖಕ್ಕೆ ಅವನಿಗಿಂತ ಒಳ್ಳೆಯ ಪದ ಇಂಗ್ಲಿಷಿನಲ್ಲಿ ಸಿಗಲಾರದು.

ಆದರೆ ಬಾಗಿಲು ದಾಟುವಾಗ ಒಂದು ಪೆಟ್ಟಾಯಿತು. ಇಂಗ್ಲಿಷಿನವರಿಗೆ ಎಲ್ ಇರುವುದು ಒಂದೇ. ವಿದ್ವಾಂಸರು ಅದರ ಕೆಳಗೆ ಚುಕ್ಕೆಯಿಟ್ಟು ಳಕಾರ ತೋರಿಸುತ್ತಾರೆ. ಕೃಷಿ ಪುಸ್ತಿಕೆಗೆ, ಬೂಷ್ಟಿನ ಲ್ಯಾಟಿನ್ ಹೆಸರಿಗೆ ಆ ಚುಕ್ಕೆ ಇಡುವವರು ಯಾರು? ಚುಕ್ಕೆ ಉದುರಿದ್ದೇ ಕೊಳೆ ಹೋಗಿ ಕೊಲೆಯಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಅದು ಕೊಲೆರೋಗವೂ ಹೌದು. ಬೆಂಗಳೂರಿನಲ್ಲೇ ಬೆಳೆದ ನನ್ನ ಅಕ್ಕನ ಮಗ ಹಾಗೇ ಓದಿದ. ‘ಮಾಮ, ಅಡಿಕೆಗೆ ಮರ್ಡರ್ ರೋಗವಾ?’ ಅಂದ. ತಿದ್ದಲು ಹೋಗಿ ಸುಮ್ಮನಾದೆ. ಅರ್ಧಕ್ಕರ್ಧ ಬೆಳೆ ನೆಲಕ್ಕೆ ಬಿದ್ದ ವರ್ಷ ಅಮ್ಮ ಹಿತ್ತಲಿನಲ್ಲಿ ನಿಂತು ಅಂದ ಮಾತು ಅದಕ್ಕಿಂತ ಮೆತ್ತಗೇನೂ ಇರಲಿಲ್ಲ.

1958ರಲ್ಲಿ ಈ ಪದಕ್ಕೆ ಮೇಲ್ಬಡ್ತಿ ಸಿಕ್ಕಿತು. ಜಾವಾದಲ್ಲಿ ಹುಟ್ಟಿದ ಡಚ್ ಶಿಲೀಂಧ್ರತಜ್ಞ ಮಾರಿನಸ್ ಡೊಂಕ್ ಕಾಫಿಯ ಆ ಶಿಲೀಂಧ್ರಕ್ಕೆ ಪ್ರತ್ಯೇಕ ಕುಲವನ್ನೇ ಮಾಡಿ, ಕೊಳೆರೋಗ ಎಂಬುದನ್ನೇ ಕುಲದ ಹೆಸರಾಗಿಸಿದ: ಕೊಳೆರೋಗ ನಾಕ್ಸಿಯ. ನಾಕ್ಸಿಯ ಅಂದರೆ ಹಾನಿಕರ. ಸಸ್ಯಶಾಸ್ತ್ರದಲ್ಲಿ ಕುಲಕ್ಕೂ ಪ್ರಭೇದಕ್ಕೂ ಒಂದೇ ಪದ ಇಡುವಂತಿಲ್ಲ, ಗೊರಿಲ್ಲಾ ಗೊರಿಲ್ಲಾ ಎಂದು ಪ್ರಾಣಿಗಳಿಗೆ ಹೇಳಬಹುದು, ‘ಕೊಳೆರೋಗ ಕೊಳೆರೋಗ’ ಎಂದು ಬೂಷ್ಟಿಗೆ ಹೇಳುವಂತಿಲ್ಲ. ದೊಡ್ಡಕ್ಷರದಿಂದ ಶುರುವಾಗಿ, ಓರೆಯಾಗಿ ಅಚ್ಚಾಗುವ ಲ್ಯಾಟಿನ್ ಕುಲನಾಮದ ಗತ್ತಿನಲ್ಲಿ ನಮ್ಮ ಕೊಳೆ ದಶಕಗಳ ಕಾಲ ಕೂತಿತ್ತು. 2013ರಲ್ಲಿ ಹತ್ತಿರದ ಕುಲಗಳನ್ನೆಲ್ಲ ಒಟ್ಟುಮಾಡಿದಾಗ ಅದು ರೈಜಾಕ್ಟೋನಿಯ ನಾಕ್ಸಿಯ ಆಯಿತು. ಹೊಸ ಹೆಸರಿನಲ್ಲಿ ‘ಹಾನಿಕರ’ ಉಳಿಯಿತು, ಕನ್ನಡ ಕಳಚಿತು. ಹಳೆ ಹೆಸರುಗಳ ಪಟ್ಟಿಯಲ್ಲಿ ಮಾತ್ರ, ಕಾಫಿ ಎಲೆಯ ಹಾಗೆ, ಒಂದು ಎಳೆಯಲ್ಲಿ ಜೋತಾಡುತ್ತಿದೆ.

ಇಷ್ಟೆಲ್ಲ ಪದಬಂಧದ ಹುಡುಗನಿಗೆ ಹೇಳಿದ ದಿನ ಅವನು ನನ್ನನ್ನು ‘ರೋಗ’ ಎಂಬುದನ್ನು ಹೇಗೆ ಹೇಳಬೇಕು ಎಂದಷ್ಟೇ ಕೇಳಿದ. ಹೇಳಿಕೊಡುತ್ತಾ ನನಗೇ ಒಂದು ಹೊಳೆಯಿತು. ನಮ್ಮ ಮನೆಯಲ್ಲಿ ‘ಕೊಳೆರೋಗ’ ಎಂದು ಪೂರ್ತಿ ಹೇಳಿದವರನ್ನು ನಾನು ಕಂಡೇ ಇಲ್ಲ. ‘ಕೊಳೆ ಬಂತು’, ‘ಕೊಳೆ ಬಿತ್ತು’, ಉದುರಿದ್ದನ್ನು ಆರಿಸಿ ತಂದರೆ ‘ಕೊಳೆ ಅಡಿಕೆ’. ರೋಗ ಎಂಬ ಬಾಲ ಇರುವುದು ಇಲಾಖೆಯ ಕರಪತ್ರದಲ್ಲಿ, ಆಕಾಶವಾಣಿಯ ಕೃಷಿರಂಗದಲ್ಲಿ, ಪರಿಹಾರಕ್ಕೆ ಬರೆಯುವ ಅರ್ಜಿಯಲ್ಲಿ. ಹೊರಗಿನವರಿಗೆ ಅರ್ಥವಾಗಲೆಂದು ಹಾಕಿಕೊಳ್ಳುವ ಅಂಗಿ ಅದು. ಇಂಗ್ಲಿಷಿಗೆ ಸಿಕ್ಕಿದ್ದೂ ಅಂಗಿ ಹಾಕಿಕೊಂಡ ಪದವೇ.

ಮೊನ್ನೆ ರಾತ್ರಿ ಊರಿಗೆ ಫೋನು ಮಾಡಿದೆ. ಪುನರ್ವಸು ಮಳೆ ಹೆಂಚಿನ ಮೇಲೆ ಹುರಿಯುತ್ತಿದ್ದ ಸದ್ದಿನ ನಡುವೆ ಅಪ್ಪಯ್ಯನ ದನಿ.

‘ಕೊಳೆ ಬೈಂದಾ?’

‘ಇನ್ನೂ ಬಂಜಿಲ್ಲೆ. ಕೆಳಗಿನ ಮನೆಯವ್ಕೆ ಬೈಂದಡ.’

ಕೊಳೆ ಲಂಡನ್ನಿಗೆ ಹೋದದ್ದು, ಲ್ಯಾಟಿನ್ ಆದದ್ದು, 1876, ಎಲ್ಲವನ್ನೂ ಹೇಳಿದೆ. ಅಪ್ಪಯ್ಯ ಪೂರ್ತಿ ಕೇಳಿದ. ಕವಳ ಬಾಯಲ್ಲಿತ್ತು, ಉಗುಳಿ ಬಂದು ಮತ್ತೆ ಫೋನು ಹಿಡಿದ.

‘ಅವು ಅದಕ್ಕೆ ಔಷಧ ಎಂತಾದ್ರೂ ಬರದ್ವಾ?’

‘ಬೋರ್ಡೋ’ ಅಂದೆ.

‘ಅದು ನಂಗೊತ್ತಿದ್ದು. ನಾಳೆ ಮಳೆ ಹೊಳವಾದ್ರೆ ಎರಡನೇ ಸಲ ಹೊಡೆಸವು’ ಅಂದು ಫೋನಿಟ್ಟ.